ಬೊನೇರ್ ದ್ವೀಪದಲ್ಲಿ ಒಂದೆರಡು ತಿಂಗಳು: ಓದುಗರ ಪ್ರಶ್ನೆ, ನಮ್ಮ ಉತ್ತರ

ಕೆರಿಬಿಯನ್ ಕಡಲಿನ ಒಂದು ಸಣ್ಣ ದ್ವೀಪದಲ್ಲಿ ಅವಸರವಿಲ್ಲದೆ ಕೆಲವು ವಾರ ಇದ್ದು ಬರುವ ಬಗ್ಗೆ ಹಲವು ಓದುಗರು ಬರೆದಿದ್ದಾರೆ. ಹೆಚ್ಚಿನವರ ಮನಸ್ಸಿನಲ್ಲಿರುವುದು ಬೊನೇರ್. ವೆನೆಜುವೆಲಾದ ಕರಾವಳಿಯಿಂದ ಸುಮಾರು 80 ಕಿ.ಮೀ. ಉತ್ತರಕ್ಕಿರುವ ಈ ದ್ವೀಪದ ವಿಸ್ತೀರ್ಣ 288 ಚದರ ಕಿ.ಮೀ. 2010ರ ಅಕ್ಟೋಬರ್ 10ರಿಂದ ಇದು ನೆದರ್ಲೆಂಡ್ಸ್‌ನ ವಿಶೇಷ ಪುರಸಭೆ. ಒಂದೇ ಥರದ ಪ್ರಶ್ನೆಗಳನ್ನು ಒಟ್ಟುಗೂಡಿಸಿ ಇಲ್ಲಿ ಉತ್ತರಿಸಿದ್ದೇವೆ.

ಪ್ರಶ್ನೆ: ನಾವು ನಿವೃತ್ತ ದಂಪತಿ. ಐದಾರು ವಾರ ಒಂದೇ ಕಡೆ ಇರುವ ಆಸೆ. ಬೊನೇರ್ ಆರಿಸಿದರೆ ತಪ್ಪಾದೀತೆ? ಯಾವ ತಿಂಗಳು ಹೋಗಬೇಕು?

ಮೊದಲು ನಿಮಗೆ ಬೇಕಿರುವುದು ಏನೆಂದು ಖಚಿತಪಡಿಸಿಕೊಳ್ಳಿ. ಮೈಲುಗಟ್ಟಲೆ ಬಿಳಿ ಮರಳು, ತೆಂಗಿನ ನೆರಳು ಮನಸ್ಸಿನಲ್ಲಿದ್ದರೆ ಬೊನೇರ್ ಬೇಡ. ಇದು ಒಣ ದ್ವೀಪ. ಒಳನಾಡಿನ ತುಂಬ ಪಾಪಾಸುಕಳ್ಳಿ, ಮುಳ್ಳಿನ ಪೊದೆ, ಆಡು, ಕತ್ತೆ. ದಡದ ಬಹುಭಾಗ ಚೂಪು ಸುಣ್ಣಕಲ್ಲು ಮತ್ತು ಸತ್ತ ಹವಳದ ಚೂರು. ಇಲ್ಲಿನ ಸಂಪತ್ತೆಲ್ಲ ನೀರಿನ ಕೆಳಗಿದೆ, ಅದನ್ನು ನೋಡಲು ದೋಣಿಯೂ ಬೇಕಿಲ್ಲ. ದಡದಿಂದ ಇಳಿದು ಸ್ವಲ್ಪ ದೂರ ಈಜಿದರೆ ಹವಳದ ದಿಬ್ಬ ಸಿಗುತ್ತದೆ. ಬೆಳಿಗ್ಗೆ ಒಂದು ಗಂಟೆ ನೀರಿನಲ್ಲಿದ್ದು, ಉಳಿದ ದಿನವನ್ನು ಓದು, ಅಡುಗೆ, ಸುತ್ತಾಟದಲ್ಲಿ ಕಳೆಯುವವರಿಗೆ ಇಷ್ಟು ಒಗ್ಗುವ ದ್ವೀಪಗಳು ಕಡಿಮೆ.

ಇಲ್ಲಿ ಬದುಕನ್ನು ನಡೆಸುವುದು ಗಾಳಿ. ವರ್ಷದ ಹೆಚ್ಚಿನ ಕಾಲ ಪೂರ್ವದಿಂದ ವಾಣಿಜ್ಯ ಮಾರುತ ಬಿಡದೆ ಬೀಸುತ್ತದೆ. ಹಾಗಾಗಿ ಪೂರ್ವದ ದಡದಲ್ಲಿ ಅಲೆ ಅಪ್ಪಳಿಸುತ್ತಿರುತ್ತದೆ, ಗಾಳಿಮರೆಯಲ್ಲಿರುವ ಪಶ್ಚಿಮದ ದಡ ಶಾಂತವಾಗಿರುತ್ತದೆ. ಮನೆ ಹಿಡಿಯುವುದು, ಈಜಲು ಇಳಿಯುವುದು, ಬಟ್ಟೆ ಒಣಹಾಕುವುದು ಎಲ್ಲವೂ ಇದರ ಮೇಲೆಯೇ ನಿಂತಿವೆ.

ನಮ್ಮ ಆಯ್ಕೆ ಫೆಬ್ರವರಿಯಿಂದ ಜೂನ್‌ವರೆಗಿನ ಕಾಲ. ಮಳೆ ಕಡಿಮೆ, ಗಾಳಿ ಚೆನ್ನಾಗಿರುತ್ತದೆ, ಸೊಳ್ಳೆ ವಿರಳ. ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಗಾಳಿ ಆಗಾಗ ಬಿದ್ದುಹೋಗುತ್ತದೆ. ಆಗ ಸಮುದ್ರ ಕನ್ನಡಿಯಂತಿರುತ್ತದೆ, ಆದರೆ ಸೆಖೆ ವಿಪರೀತ. ಅಕ್ಟೋಬರ್‌ನಿಂದ ಜನವರಿವರೆಗೆ ಮಳೆಗಾಲವೆಂದು ಹೆಸರು. ಬರುವುದು ಬಹುಪಾಲು ಚಿಕ್ಕ ಚಿಕ್ಕ ಜಡಿಗಳೇ. ಸಮುದ್ರದ ನೀರು ವರ್ಷವಿಡೀ ಸುಮಾರು 26ರಿಂದ 29 ಡಿಗ್ರಿ ಸೆಲ್ಸಿಯಸ್. ದ್ವೀಪ 12 ಡಿಗ್ರಿ ಉತ್ತರ ಅಕ್ಷಾಂಶದಲ್ಲಿರುವುದರಿಂದ ಚಂಡಮಾರುತಗಳ ಸಾಮಾನ್ಯ ದಾರಿ ಇದರ ಉತ್ತರಕ್ಕೆ ಹಾದುಹೋಗುತ್ತದೆ. ಹಾಗೆಂದು ಪೂರ್ತಿ ನಿಶ್ಚಿಂತೆಯಿಂದ ಇರುವಂತಿಲ್ಲ. ದೂರದಲ್ಲಿ ಹಾದ ಚಂಡಮಾರುತವೂ ಅಲೆಯನ್ನು ಪಶ್ಚಿಮದಿಂದ ತಿರುಗಿಸಿ ತರಬಲ್ಲದು. 1999ರ ಲೆನಿ, 2008ರ ಓಮರ್ ಹೀಗೆಯೇ ಶಾಂತ ದಡದ ಆಳವಿಲ್ಲದ ಹವಳವನ್ನು ಒಡೆದು ಹಾಕಿದವು. ಗಾಳಿ ತಿರುಗಿ ಪಶ್ಚಿಮದಿಂದ ಬೀಸುವ ದಿನ ನೀರಿಗೆ ಇಳಿಯಲೇಬೇಡಿ.

ಪ್ರಶ್ನೆ: ಷೆಂಗೆನ್ ವೀಸಾ ಇದ್ದರೆ ಸಾಕಲ್ಲವೆ? ನೆದರ್ಲೆಂಡ್ಸ್‌ನ ಭಾಗವೇ ತಾನೆ? ಬೇರೆ ಯಾವ ಹಣ ಕಟ್ಟಬೇಕು?

ಬೊನೇರ್ ನೆದರ್ಲೆಂಡ್ಸ್‌ಗೆ ಸೇರಿದ್ದರೂ, ಯುರೋಪಿನ ಹಲವು ದೇಶಗಳಿಗೆ ಒಂದೇ ವೀಸಾ ನಡೆಯುವ ಷೆಂಗೆನ್ ಪ್ರದೇಶಕ್ಕೆ ಸೇರಿಲ್ಲ. ಇದಕ್ಕೆ ಕೆರಿಬಿಯನ್ ವೀಸಾ ಎಂಬ ಪ್ರತ್ಯೇಕ ವೀಸಾ ಇದೆ. ಅದನ್ನು ನೆದರ್ಲೆಂಡ್ಸ್‌ನ ರಾಯಭಾರ ವ್ಯವಸ್ಥೆಯ ಮೂಲಕವೇ ಪಡೆಯಬೇಕು. ಭಾರತದ ಪಾಸ್‌ಪೋರ್ಟ್ ಇರುವವರಿಗೆ ಸಾಮಾನ್ಯವಾಗಿ ಇದು ಬೇಕಾಗುತ್ತದೆ. ಕೆಲವು ವಿನಾಯಿತಿಗಳಿವೆ, ಅವು ಬದಲಾಗುತ್ತಿರುತ್ತವೆ. ಟಿಕೆಟ್ ಕೊಳ್ಳುವ ಮೊದಲು ಅಧಿಕೃತ ಜಾಲತಾಣದಲ್ಲಿ ನಿಮ್ಮ ಪ್ರಕರಣವನ್ನು ನೋಡಿಕೊಳ್ಳಿ. ಪಕ್ಕದ ಕ್ಯುರಸಾವ್, ಅರೂಬಾಗಳಿಗೂ ಇದೇ ವೀಸಾ ನಡೆಯುತ್ತದೆ. ನಡುವೆ ಅಲ್ಲಿಗೆ ಹೋಗಿ ಮರಳುವ ಯೋಚನೆಯಿದ್ದರೆ ಹಲವು ಬಾರಿ ಪ್ರವೇಶಕ್ಕೆ ಅವಕಾಶವಿರುವ ವೀಸಾ ಕೇಳಿ.

ದಾರಿಯ ವೀಸಾವನ್ನು ಮರೆಯುವವರು ಬಹಳ. ಅಮೆರಿಕದ ವಿಮಾನ ನಿಲ್ದಾಣದ ಮೂಲಕ ಹೋದರೆ, ನಿಲ್ದಾಣದಿಂದ ಹೊರಗೆ ಬರದಿದ್ದರೂ ಅಮೆರಿಕದ ವೀಸಾ ಬೇಕು. ಆಮ್ಸ್ಟರ್‌ಡ್ಯಾಮ್‌ನಲ್ಲಿ ಊರೊಳಗೆ ಒಂದು ರಾತ್ರಿ ತಂಗುವುದಾದರೆ ಷೆಂಗೆನ್ ವೀಸಾವೂ ಬೇಕು.

ಹಣದ ವಿಷಯ ಸುಲಭ. 2011ರ ಜನವರಿ 1ರಿಂದ ದ್ವೀಪದ ಅಧಿಕೃತ ಹಣ ಅಮೆರಿಕನ್ ಡಾಲರ್. ಹೊರಗಿನಿಂದ ಬರುವವರು ಕಟ್ಟಬೇಕಾದ್ದು ಎರಡು. ಮೊದಲನೆಯದು ಪ್ರವೇಶ ತೆರಿಗೆ. ದೊಡ್ಡವರಿಗೆ 75 ಡಾಲರ್, 12 ವರ್ಷದವರೆಗಿನ ಮಕ್ಕಳಿಗೆ 10 ಡಾಲರ್. ಹೊರಡುವ ಮೊದಲೇ ಆನ್‌ಲೈನ್‌ನಲ್ಲಿ ಕಟ್ಟಿ ರಸೀದಿಯ ಕೋಡನ್ನು ಫೋನಿನಲ್ಲಿಟ್ಟುಕೊಂಡರೆ ಇಳಿದ ಮೇಲೆ ಸಾಲಿನಲ್ಲಿ ನಿಲ್ಲುವುದು ತಪ್ಪುತ್ತದೆ. ಎರಡನೆಯದು ಸ್ಟಿನಾಪಾ ಸಂಸ್ಥೆ ಪಡೆಯುವ ನಿಸರ್ಗ ಶುಲ್ಕ, 40 ಡಾಲರ್. ಸ್ಟಿನಾಪಾ ಎಂದರೆ ಸಾಗರ ಉದ್ಯಾನವನ್ನೂ ರಾಷ್ಟ್ರೀಯ ಉದ್ಯಾನವನ್ನೂ ನೋಡಿಕೊಳ್ಳುವ ಸಂಸ್ಥೆ. ಗಾಳಿ ಸಿಲಿಂಡರ್ ಹೊತ್ತು ಆಳಕ್ಕೆ ಡೈವ್ ಮಾಡುವವರಷ್ಟೇ ಅಲ್ಲ, ಸುಮ್ಮನೆ ಈಜುವವರೂ ಇದನ್ನು ಕಟ್ಟಬೇಕು. ಇದರ ಅವಧಿ ಜನವರಿಯಿಂದ ಡಿಸೆಂಬರ್‌ವರೆಗಿನ ಕ್ಯಾಲೆಂಡರ್ ವರ್ಷ. ಡಿಸೆಂಬರ್ ಮಧ್ಯದಲ್ಲಿ ಹೋಗಿ ಜನವರಿ ಕೊನೆಗೆ ಮರಳಿದರೆ ಎರಡು ಸಲ ಕಟ್ಟಬೇಕಾಗುತ್ತದೆ. ತೆರಿಗೆ, ಶುಲ್ಕಗಳನ್ನು ಆಗಾಗ ಪರಿಷ್ಕರಿಸುತ್ತಾರೆ. ಹೊರಡುವ ವಾರ ಮತ್ತೊಮ್ಮೆ ನೋಡಿಕೊಳ್ಳಿ.

ಪ್ರಶ್ನೆ: ಹೋಟೆಲ್ ಬೇಡ, ಅಡುಗೆಮನೆ ಇರುವ ಬಾಡಿಗೆ ಮನೆ ಬೇಕು. ಎಲ್ಲಿ ಹಿಡಿಯಬೇಕು? ಏನು ಕೇಳಬೇಕು?

ದೊಡ್ಡ ಊರು ಕ್ರಾಲೆಂಡೈಕ್. ಅಂಗಡಿ, ಆಸ್ಪತ್ರೆ, ವಿಮಾನ ನಿಲ್ದಾಣ, ದೋಣಿ ಕಟ್ಟೆ ಎಲ್ಲವೂ ಅಲ್ಲೇ ಆಸುಪಾಸಿನಲ್ಲಿವೆ. ಕಾರು ಓಡಿಸಲು ಇಷ್ಟವಿಲ್ಲದಿದ್ದರೆ ಊರಿನೊಳಗೆ ನಡೆದಾಡುವ ದೂರದಲ್ಲಿ ಮನೆ ಹಿಡಿಯಿರಿ. ಊರಿನ ಉತ್ತರಕ್ಕೆ ಕಡಲ ದಂಡೆಯಲ್ಲಿರುವ ಮನೆಗಳಿಂದ ನೇರವಾಗಿ ನೀರಿಗೆ ಇಳಿಯಬಹುದು, ಬಾಡಿಗೆ ಹೆಚ್ಚು. ಒಳಗಿನ ಬಡಾವಣೆಗಳಲ್ಲಿ ಅಗ್ಗ, ಆದರೆ ಕಾರು ಬೇಕೇ ಬೇಕು. ರಿಂಕಾನ್ ಎಂಬ ಹಳೆಯ ಊರು ಗುಡ್ಡಗಳ ನಡುವಿನ ತಗ್ಗಿನಲ್ಲಿದೆ. ಬಲು ಶಾಂತ ಊರು, ಕಡಲು ಮಾತ್ರ ದೂರ.

ಮುಂಗಡ ಕೊಡುವ ಮೊದಲು ವಿದ್ಯುತ್ ಬಾಡಿಗೆಯಲ್ಲಿ ಸೇರಿದೆಯೋ ಮೀಟರ್ ಲೆಕ್ಕವೋ ಎಂದು ಕೇಳಿ. ಇಲ್ಲಿ ವಿದ್ಯುತ್ ದುಬಾರಿ. ಅನೇಕ ಮನೆಗಳಲ್ಲಿ ಏಸಿಯ ಖರ್ಚು ಬೇರೆ. ತಿಂಗಳುಗಟ್ಟಲೆ ಇದ್ದರೆ ಅದೇ ದೊಡ್ಡ ಮೊತ್ತವಾಗುತ್ತದೆ. ಮಲಗುವ ಕೋಣೆಗೆ ಪೂರ್ವದ ಕಡೆ ಕಿಟಕಿ ಇದೆಯೇ, ಕಿಟಕಿಗೆ ಸೊಳ್ಳೆ ಜಾಲರಿ ಇದೆಯೇ ಎಂಬುದನ್ನೂ ಕೇಳಿ. ಎರಡೂ ಇದ್ದರೆ ಗಾಳಿಯೇ ಕೋಣೆ ತಂಪು ಮಾಡುತ್ತದೆ, ರಾತ್ರಿ ಏಸಿ ಬೇಕಾಗುವುದಿಲ್ಲ. ಪಶ್ಚಿಮಕ್ಕೆ ಮಾತ್ರ ಕಿಟಕಿ ಇರುವ ಕೋಣೆ ಸಂಜೆ ಬಿಸಿಲಿಗೆ ಕಾದು ಮಧ್ಯರಾತ್ರಿವರೆಗೂ ಆರುವುದಿಲ್ಲ.

ಅಡುಗೆಮನೆಯ ಉಪಕರಣಗಳ ಬಗ್ಗೆ ಎಚ್ಚರ. ಇಲ್ಲಿನ ವಿದ್ಯುತ್ 127 ವೋಲ್ಟ್, 50 ಹರ್ಟ್ಸ್. ಸಾಕೆಟ್‌ಗಳು ಹೆಚ್ಚಾಗಿ ಅಮೆರಿಕದ ಚಪ್ಪಟೆ ಪಿನ್ನಿನವು. ಫೋನ್, ಲ್ಯಾಪ್‌ಟಾಪ್ ಚಾರ್ಜರ್ ಮೇಲೆ 100–240 ವೋಲ್ಟ್ ಎಂದು ಬರೆದಿದ್ದರೆ ಪಿನ್ ಬದಲಿಸುವ ಅಡಾಪ್ಟರ್ ಸಾಕು. 230 ವೋಲ್ಟಿನ ಮಿಕ್ಸಿ ತಿರುಗದೆ ಬಿಸಿಯಾಗಿ ಸುಟ್ಟೀತು. 230 ವೋಲ್ಟಿಗೆ ಮಾಡಿದ 1500 ವಾಟ್‌ನ ಕೆಟಲ್ ಅಲ್ಲಿ 450 ವಾಟ್‌ನಷ್ಟು ಮಾತ್ರ ಶಾಖ ಕೊಡುತ್ತದೆ. ವೋಲ್ಟೇಜ್ ಅರ್ಧದ ಹತ್ತಿರಕ್ಕೆ ಇಳಿದಾಗ ಶಾಖ ಮೂರನೇ ಒಂದಕ್ಕೂ ಕೆಳಗೆ ಇಳಿಯುವುದೇ ಕಾರಣ. ಇಂಥವನ್ನು ಹೊತ್ತೊಯ್ಯಬೇಡಿ. ಪ್ರೆಷರ್ ಕುಕ್ಕರ್ ಮಾತ್ರ ಒಯ್ಯಿರಿ. ಒಲೆ ಇಂಡಕ್ಷನ್ ಆಗಿದ್ದರೆ ಕುಕ್ಕರಿನ ತಳಕ್ಕೆ ಅಯಸ್ಕಾಂತ ಅಂಟುತ್ತದೆಯೇ ಎಂದು ಮನೆಯಲ್ಲೇ ಪರೀಕ್ಷಿಸಿಕೊಳ್ಳಿ.

ನಲ್ಲಿಯ ನೀರನ್ನು ಸಮುದ್ರದ ನೀರಿನಿಂದ ಉಪ್ಪು ತೆಗೆದು ತಯಾರಿಸುತ್ತಾರೆ. ಕುಡಿಯಲು ಸುರಕ್ಷಿತ, ರುಚಿಯೂ ಚೆನ್ನ. ಬಾಟಲಿ ನೀರು ಕೊಳ್ಳುವುದು ಹಣ ದಂಡ.

ಪ್ರಶ್ನೆ: ಬಾಡಿಗೆಗೆ ಪಿಕಪ್ ಗಾಡಿಯನ್ನೇ ತೆಗೆದುಕೊಳ್ಳಬೇಕೆ? ಕಾರಿನ ಗಾಜು ಇಳಿಸಿ ಬಿಡಬೇಕೆಂದು ಕೇಳಿ ಅಚ್ಚರಿಯಾಯಿತು.

ಡೈವ್ ಮಾಡುವವರಿಗೆ ಪಿಕಪ್ ಅನುಕೂಲ. ಸಿಲಿಂಡರ್, ಒದ್ದೆ ಬಟ್ಟೆ ಎಲ್ಲ ಹಿಂದಕ್ಕೆ ಹೋಗುತ್ತವೆ. ಉಳಿದವರಿಗೆ ನೆಲದಿಂದ ಸ್ವಲ್ಪ ಎತ್ತರವಿರುವ ಯಾವ ಕಾರಾದರೂ ಆದೀತು.

ಗಾಜಿನ ವಿಷಯ ನಿಜ. ನೀರಿಗಿಳಿದವರು ಒಂದು ಗಂಟೆ ಬರುವುದಿಲ್ಲವೆಂದು ಕಳ್ಳರಿಗೆ ಗೊತ್ತು. ಬೀಗ ಹಾಕಿದ ಕಾರೆಂದರೆ ಒಳಗೆ ಏನೋ ಇದೆ ಎಂದು ಲೆಕ್ಕ. ಅದಕ್ಕೇ ಅಲ್ಲಿನವರು ಕಾರನ್ನು ಖಾಲಿ ಬಿಟ್ಟು, ಗ್ಲೋವ್ ಬಾಕ್ಸ್ ತೆರೆದಿಟ್ಟು, ಬೀಗ ಹಾಕದೆ ಹೋಗುತ್ತಾರೆ. ಪಾಸ್‌ಪೋರ್ಟ್, ಫೋನ್, ಹಣದ ಚೀಲ ಮನೆಯಲ್ಲೇ ಇರಲಿ. ಕೀಲಿಯನ್ನು ನೀರು ನುಗ್ಗದ ಡಬ್ಬಿಯಲ್ಲಿಟ್ಟು ಸೊಂಟಕ್ಕೆ ಕಟ್ಟಿಕೊಳ್ಳಿ. ಬಟನ್ ಒತ್ತುವ ಎಲೆಕ್ಟ್ರಾನಿಕ್ ಕೀಲಿ ಉಪ್ಪುನೀರಿಗೆ ಕೆಡುತ್ತದೆ. ಸಾದಾ ಲೋಹದ ಕೀಲಿ ಇರುವ ಗಾಡಿ ಕೇಳಿ ಪಡೆಯಿರಿ.

ವಾಹನಗಳು ರಸ್ತೆಯ ಬಲಗಡೆ ಓಡುತ್ತವೆ. ದ್ವೀಪದಲ್ಲಿ ಟ್ರಾಫಿಕ್ ಸಿಗ್ನಲ್ ಇಲ್ಲ, ವೃತ್ತಗಳಿವೆ. ಉತ್ತರದ ಕಡಲಂಚಿನ ಕಿರಿದಾದ ರಸ್ತೆ ಥೌಸಂಡ್ ಸ್ಟೆಪ್ಸ್ ಎಂಬ ಡೈವ್ ತಾಣ ದಾಟಿದ ಮೇಲೆ ಒಮ್ಮುಖ. ಮುಂದೆ ಹೋದವರು ರಿಂಕಾನ್ ಸುತ್ತಿಕೊಂಡೇ ಮರಳಬೇಕು. ರಾತ್ರಿ ಕತ್ತೆ, ಆಡುಗಳು ರಸ್ತೆಗೆ ಅಡ್ಡ ನಿಲ್ಲುತ್ತವೆ. ಕಪ್ಪು ಕತ್ತೆ ಹೆಡ್‌ಲೈಟಿಗೆ ಕಾಣುವುದೇ ಹತ್ತಿರ ಬಂದಾಗ. ಊರಾಚೆ ಕತ್ತಲಲ್ಲಿ ನಿಧಾನವಾಗಿ ಓಡಿಸಿ. ಟೈರು ಪಂಚರ್ ಆಗುವುದು ಇಲ್ಲಿ ಸಾಮಾನ್ಯ. ಹವಳದ ಚೂರು, ಮುಳ್ಳು ಎರಡೂ ಚುಚ್ಚುತ್ತವೆ. ವಿಮೆಯಲ್ಲಿ ಟೈರು, ಗಾಜು ಮತ್ತು ಗಾಡಿಯ ಅಡಿಭಾಗ ಸೇರಿವೆಯೇ ಎಂದು ಓದಿ ಸಹಿ ಹಾಕಿ. ಗಾಡಿ ಪಡೆಯುವಾಗಲೇ ಸ್ಟೆಪ್ನಿಯ ಗಾಳಿಯನ್ನೂ ಜಾಕ್ ಇದೆಯೇ ಎಂಬುದನ್ನೂ ನೋಡಿ.

ಪ್ರಶ್ನೆ: ಈಜು ಬರುತ್ತದೆ, ಸ್ನಾರ್ಕೆಲ್ (ಮಾಸ್ಕ್, ಉಸಿರುಕೊಳವೆ ತೊಟ್ಟು ತೇಲುತ್ತ ನೀರಿನ ಕೆಳಗೆ ನೋಡುವುದು) ಮಾಡಿ ಅಭ್ಯಾಸವಿಲ್ಲ. ಐವತ್ತು ದಾಟಿದ ಮೇಲೆ ಕಲಿಯಬಹುದೆ? ಎಲ್ಲಿಂದ ಶುರುಮಾಡಬೇಕು?

ಖಂಡಿತ ಕಲಿಯಬಹುದು. ಹೃದಯ ಅಥವಾ ಶ್ವಾಸದ ತೊಂದರೆ ಇದ್ದರೆ ಮೊದಲು ವೈದ್ಯರನ್ನು ಕೇಳಿ. ಬಹು ವಾರ ಇರುವವರಿಗೆ ದೊಡ್ಡ ಅನುಕೂಲವೆಂದರೆ ಆತುರ ಬೇಕಿಲ್ಲ. ಮೊದಲ ಎರಡು ದಿನ ಸೊಂಟಮಟ್ಟದ ನೀರಿನಲ್ಲಿ ನಿಂತು ಮುಖ ಮಾತ್ರ ಮುಳುಗಿಸಿ ಉಸಿರಾಡುವುದನ್ನು ರೂಢಿಸಿಕೊಂಡರೂ ಸಾಕು.

ಮಾಸ್ಕ್ ಸ್ವಂತದ್ದೇ ಕೊಳ್ಳಿ. ಪಟ್ಟಿ ಹಾಕದೆ ಮುಖಕ್ಕೆ ಒತ್ತಿ ಮೂಗಿನಿಂದ ಉಸಿರೆಳೆದಾಗ ಕೈಬಿಟ್ಟರೂ ಬೀಳದಿದ್ದರೆ ಆ ಮಾಸ್ಕ್ ನಿಮ್ಮ ಮುಖಕ್ಕೆ ಹೊಂದುತ್ತದೆ. ನೀರು ಒಳಗೆ ಸೋರಲು ಹೆಚ್ಚಿನ ವೇಳೆ ಕಾರಣ ಅಂಚಿನಡಿ ಸಿಕ್ಕ ಕೂದಲು ಅಥವಾ ಮೀಸೆ. ಇನ್ನೊಂದು ಕಾರಣ ಪಟ್ಟಿಯನ್ನು ಅತಿಯಾಗಿ ಬಿಗಿಯುವುದು. ಬಿಗಿದಷ್ಟೂ ಅಂಚು ಮಡಚಿ ಇನ್ನೂ ಸೋರುತ್ತದೆ. ಹೊಸ ಮಾಸ್ಕಿನ ಗಾಜಿನ ಒಳಮೈಗೆ ಕಾರ್ಖಾನೆಯ ಸಿಲಿಕೋನ್ ಪೊರೆ ಅಂಟಿರುತ್ತದೆ. ಅದನ್ನು ತೆಗೆಯದಿದ್ದರೆ ಏನು ಮಾಡಿದರೂ ಮಂಜು ಕಟ್ಟುತ್ತದೆ. ಜೆಲ್ ಅಲ್ಲದ ಬಿಳಿ ಟೂತ್‌ಪೇಸ್ಟ್ ಹಚ್ಚಿ ಬೆರಳಿನಿಂದ ಎರಡು ಮೂರು ಸಲ ಉಜ್ಜಿ ತೊಳೆಯಿರಿ. ಆಮೇಲೆ ಪ್ರತಿ ಸಲ ಇಳಿಯುವ ಮುನ್ನ ಒಂದು ಹನಿ ಬೇಬಿ ಶಾಂಪೂ ಸವರಿ ತುಸು ಜಾಲಿಸಿದರೆ ಸಾಕು.

ಪಾದಕ್ಕೆ ಗಟ್ಟಿ ತಳದ ನೀರುಬೂಟು ಅತ್ಯಗತ್ಯ. ಬರಿಗಾಲಲ್ಲಿ ಹವಳದ ಚೂರಿನ ಮೇಲೆ ನಡೆಯಲು ಆಗದು. ಕಲ್ಲುಸಂದಿಗಳಲ್ಲಿ ಸೀ ಅರ್ಚಿನ್ ಎಂಬ ಉದ್ದ ಮುಳ್ಳಿನ ಜೀವಿ ಕೂತಿರುತ್ತದೆ. ಬೂಟಿನ ಮೇಲೆ ತೊಡುವ, ಪಟ್ಟಿಯಿರುವ ಫಿನ್‌ಗಳನ್ನೇ (ಕಾಲಿಗೆ ಹಾಕುವ ಈಜುರೆಕ್ಕೆ) ಕೊಳ್ಳಿ. ಫಿನ್ ಹಾಕಿಕೊಂಡು ದಡದಲ್ಲಿ ನಡೆಯಲು ಹೋದವರೇ ಬೀಳುವುದು. ಬೂಟಿನಲ್ಲಿ ತೊಡೆಮಟ್ಟದವರೆಗೆ ನಡೆದು, ಅಲೆಗಳ ನಡುವಿನ ಬಿಡುವು ನೋಡಿ ತೇಲಿ, ತೇಲುತ್ತಲೇ ಫಿನ್ ತೊಡಿ. ಮರಳುವಾಗ ಇದೇ ಕ್ರಮ ಹಿಂದುಮುಂದು.

ಇಳಿಯುವ ಮುನ್ನ ಐದು ನಿಮಿಷ ನಿಂತು ನೀರನ್ನು ನೋಡಿ. ಡೈವ್ ತಾಣಗಳಲ್ಲಿ ದೋಣಿ ಕಟ್ಟಲೆಂದು ಬಿಟ್ಟಿರುವ ತೇಲುಬುರುಡೆಯ ಹಗ್ಗ ಯಾವ ಕಡೆ ವಾಲಿದೆಯೋ ಪ್ರವಾಹ ಆ ಕಡೆ. ಮೊದಲು ಪ್ರವಾಹಕ್ಕೆ ಎದುರಾಗಿ ಈಜಿ, ದಣಿವಾಗುವ ಮೊದಲೇ ತಿರುಗಿ. ಮರಳುವಾಗ ನೀರೇ ನಿಮ್ಮನ್ನು ತರುತ್ತದೆ. ಇದನ್ನು ಉಲ್ಟಾ ಮಾಡಿದವರೇ ದೂರದಲ್ಲಿ ದಡ ಹತ್ತಿ ಬಿಸಿಲಲ್ಲಿ ನಡೆದು ಬರುತ್ತಾರೆ. ಗಾಢ ಬಣ್ಣದ ತೇಲುಬುರುಡೆಯೊಂದನ್ನು ಹಿಂದೆ ಎಳೆದುಕೊಂಡು ಹೋದರೆ ದೋಣಿಯವರಿಗೆ ಕಾಣಿಸುತ್ತೀರಿ. ಬೆಳಿಗ್ಗೆ ಎಂಟರಿಂದ ಹತ್ತರ ಒಳಗೆ ನೀರು ಸಾಮಾನ್ಯವಾಗಿ ಹೆಚ್ಚು ಶಾಂತ.

ತಾಣಗಳ ಹೆಸರನ್ನು ರಸ್ತೆ ಬದಿಯ ಹಳದಿ ಕಲ್ಲುಗಳ ಮೇಲೆ ಬರೆದಿರುತ್ತಾರೆ. ಶುರುವಿಗೆ ವಿಮಾನ ನಿಲ್ದಾಣದ ಬಳಿಯ ತೆ ಆಮೊ ಒಳ್ಳೆಯದು. ಅಲ್ಲಿ ಇಳಿಯುವುದು ಸುಲಭ. ಕೈಗೂಡಿದ ಮೇಲೆ ಥೌಸಂಡ್ ಸ್ಟೆಪ್ಸ್‌ಗೆ ಹೋಗಿ. ಹೆಸರು ಸಾವಿರದ್ದಾದರೂ ಮೆಟ್ಟಿಲುಗಳು ಎಪ್ಪತ್ತರ ಆಸುಪಾಸು. ಆದರೆ ಒದ್ದೆ ಸಾಮಾನು ಹೊತ್ತು ಹತ್ತುವಾಗ ಸಾವಿರವೆನಿಸುವುದು ಸಹಜ. ಹೆಚ್ಚಿನ ತಾಣಗಳಲ್ಲಿ ಆಳವಿಲ್ಲದ ಮರಳು ಹಾಸು ದಾಟಿದ ಮೇಲೆ ಹತ್ತು ಮೀಟರ್ ಆಳದ ಆಸುಪಾಸಿನಲ್ಲಿ ದಿಬ್ಬ ಇಳಿಜಾರಾಗುತ್ತದೆ. ಸ್ನಾರ್ಕೆಲ್ ಮಾಡುವವರು ಆ ಅಂಚಿನ ಮೇಲೆಯೇ ತೇಲುತ್ತ ಹೋಗುವುದು ಅತ್ಯುತ್ತಮ. ಗಿಳಿಮೀನು, ಏಂಜಲ್‌ಮೀನು, ಆಮೆ ಎಲ್ಲ ಅಲ್ಲಿ ಓಡಾಡುತ್ತವೆ.

ಬೆನ್ನು ಮತ್ತು ಮೊಣಕಾಲಿನ ಹಿಂಭಾಗ ಸುಡುವುದು ಗೊತ್ತೇ ಆಗುವುದಿಲ್ಲ. ಉದ್ದ ತೋಳಿನ ಈಜಂಗಿ, ಮೊಣಕಾಲು ಮುಚ್ಚುವ ಚಡ್ಡಿ ತೊಡಿ. ಕ್ರೀಮಿಗಿಂತ ಬಟ್ಟೆ ವಾಸಿ. 2021ರ ಜನವರಿ 1ರಿಂದ ಆಕ್ಸಿಬೆಂಜೋನ್ ಮತ್ತು ಆಕ್ಟಿನಾಕ್ಸೇಟ್ ಇರುವ ಸನ್‌ಸ್ಕ್ರೀನ್‌ಗೆ ಅಲ್ಲಿ ನಿಷೇಧವಿದೆ. ಟ್ಯೂಬಿನ ಹಿಂಬದಿ ಓದಿ ಕೊಳ್ಳಿ. ಕೈಗವಸು ತೊಡುವುದಕ್ಕೂ ನಿಷೇಧ. ಗವಸಿದ್ದರೆ ಜನ ಹವಳವನ್ನು ಹಿಡಿದುಬಿಡುತ್ತಾರೆ ಎಂಬುದೇ ಕಾರಣ. ಹವಳವೆಂದರೆ ಕಲ್ಲಲ್ಲ, ಜೀವ. ಒಂದು ಫಿನ್ನಿನ ಏಟಿಗೆ ಮುರಿದ ಕೊಂಬೆ ಮತ್ತೆ ಬೆಳೆಯಲು ವರ್ಷಗಳು ಬೇಕು. ನಿಲ್ಲಬೇಕೆನಿಸಿದರೆ ಮರಳಿರುವಲ್ಲಿ ಮಾತ್ರ ನಿಲ್ಲಿ.

ಪ್ರಶ್ನೆ: ನಮ್ಮ ಜೊತೆ ಬರುವ ಮಗಳಿಗೆ ಡೈವಿಂಗ್ ಪ್ರಮಾಣಪತ್ರವಿದೆ. ಅವಳಿಗೆ ಹೇಳಬೇಕಾದ್ದೇನು?

ಎಷ್ಟೇ ಅನುಭವವಿದ್ದರೂ ಮೊದಲು ನಿಯಮಗಳ ಪರಿಚಯ ಮತ್ತು ಒಂದು ಪರೀಕ್ಷಾ ಡೈವ್ ಕಡ್ಡಾಯ. ಸಾಗರ ಉದ್ಯಾನ ಶುರುವಾದದ್ದು 1979ರಲ್ಲಿ. ಅದು ದಡದಿಂದ 60 ಮೀಟರ್ ಆಳದವರೆಗೆ ದ್ವೀಪವನ್ನೆಲ್ಲ ಸುತ್ತುವರಿದಿದೆ. ದೋಣಿಗಳು ಲಂಗರು ಹಾಕುವಂತಿಲ್ಲ, ತೇಲುಬುರುಡೆಗೇ ಕಟ್ಟಬೇಕು. 2023ರಲ್ಲಿ ಗಟ್ಟಿ ಹವಳವನ್ನು ಕೊಲ್ಲುವ ರೋಗವೊಂದು ಇಲ್ಲಿ ಕಾಣಿಸಿಕೊಂಡಿತು. ಸಾಮಾನುಗಳನ್ನು ಡೈವ್ ಅಂಗಡಿಯ ಸೋಂಕುನಿವಾರಕ ತೊಟ್ಟಿಯಲ್ಲಿ ಅದ್ದಿ ತೊಳೆಯುವುದನ್ನು ತಪ್ಪಿಸಬಾರದು.

ಹಿಲ್ಮಾ ಹೂಕರ್ ಎಂಬ ಹಡಗು 1984ರಲ್ಲಿ ಮುಳುಗಿ ಸುಮಾರು 30 ಮೀಟರ್ ಆಳದಲ್ಲಿ ಮಗ್ಗುಲಾಗಿ ಮಲಗಿದೆ. ಹಡಗಿಗೆ ಉಪ್ಪು ತುಂಬುವ ಕಟ್ಟೆಯಾದ ಸಾಲ್ಟ್ ಪಿಯರ್‌ನ ಕಂಬಗಳ ನಡುವೆ ಮೀನಿನ ಹಿಂಡು ನೋಡುವಂಥದ್ದು, ಆದರೆ ಹಡಗು ಬಂದು ನಿಂತ ದಿನ ಅಲ್ಲಿ ಇಳಿಯುವಂತಿಲ್ಲ. ಹುಣ್ಣಿಮೆ ಕಳೆದ ಎರಡು ಮೂರು ದಿನಗಳ ನಂತರ, ಸೂರ್ಯ ಮುಳುಗಿ ಮುಕ್ಕಾಲು ಗಂಟೆಗೆ, ಚಂದ್ರ ಮೂಡುವ ಮೊದಲು ಟಾರ್ಚ್ ಆರಿಸಿ ನೀರಿನಲ್ಲಿ ಕಾಯಲು ಹೇಳಿ. ಆಸ್ಟ್ರಕಾಡ್ ಎಂಬ ಎಳ್ಳಿನಷ್ಟು ಚಿಕ್ಕ ಜೀವಿಗಳ ಗಂಡುಗಳು ಹೆಣ್ಣನ್ನು ಸೆಳೆಯಲು ನೀಲಿ ಬೆಳಕಿನ ಚುಕ್ಕೆಗಳನ್ನು ಸಾಲಾಗಿ ಬಿಡುತ್ತವೆ. ಅದನ್ನು ನೋಡಲು ಒಂದು ಸಂಜೆ ಮೀಸಲಿಡಲೇಬೇಕು.

ವಿಮಾನ ಹತ್ತುವ ಮುನ್ನ ಕೊನೆಯ ಡೈವ್ ಆಗಿ ಕನಿಷ್ಠ 18 ಗಂಟೆ ಕಳೆದಿರಬೇಕು. ಹಲವು ದಿನ ಸತತ ಡೈವ್ ಮಾಡಿದ್ದರೆ ಪೂರ್ತಿ ಒಂದು ದಿನ ಬಿಡುವುದೇ ಲೇಸು.

ಪ್ರಶ್ನೆ: ನನಗೆ ಈಜೇ ಬರುವುದಿಲ್ಲ. ಇಡೀ ತಿಂಗಳು ದಡದಲ್ಲಿ ಕೂರುವುದಾದರೆ ಬೇಸರವಾಗದೆ?

ಲಾಕ್ ಎಂಬ ಹಿನ್ನೀರಿಗೆ ಹೋಗಿ. ದ್ವೀಪದ ಪೂರ್ವದಲ್ಲಿದ್ದರೂ ಹೊರಗಿನ ಹವಳದ ದಿಬ್ಬ ಅಲೆಯನ್ನು ತಡೆಯುತ್ತದೆ. ಸೊರೊಬೊನ್ ಬದಿಯಲ್ಲಿ ತಳ ಮರಳು, ಬಹುದೂರದವರೆಗೂ ನೀರು ಸೊಂಟಮಟ್ಟ. ವಿಂಡ್‌ಸರ್ಫಿಂಗ್ ಕಲಿಯುವವರು ಪ್ರಪಂಚದ ಎಲ್ಲೆಡೆಯಿಂದ ಬರುವುದು ಇಲ್ಲಿಗೇ. ಲಾಕ್‌ನ ಉತ್ತರದಂಚಿನಲ್ಲಿ ಕಾಂಡ್ಲಾ ಕಾಡಿದೆ. ಮಾರ್ಗದರ್ಶಕರ ಜೊತೆ ಕಯಾಕ್‌ನಲ್ಲಿ ಕೂತು ಬೇರುಗಳ ನಡುವಿನ ಕಾಲುವೆಗಳಲ್ಲಿ ಸಾಗಬಹುದು. ಒಂದು ಎಚ್ಚರಿಕೆ: 2018ರಿಂದೀಚೆಗೆ ಕೆಲವು ವರ್ಷ ಬೇಸಿಗೆಯ ತಿಂಗಳುಗಳಲ್ಲಿ ಸರ್ಗಾಸಮ್ ಎಂಬ ಕಂದು ಪಾಚಿ ರಾಶಿರಾಶಿಯಾಗಿ ಪೂರ್ವದ ದಡಕ್ಕೆ ಬಂದು ಕೊಳೆತು ನಾರುತ್ತದೆ. ಅಂಥ ವಾರ ಲಾಕ್ ಬಿಟ್ಟು ಪಶ್ಚಿಮಕ್ಕೆ ಹೋಗಿ.

ದಕ್ಷಿಣದ ಸುತ್ತಿಗೆ ಒಂದು ಬೆಳಗು ಸಾಲದು, ಎರಡು ಮೂರು ಸಲ ಹೋಗಿ. ಉಪ್ಪಿನ ಆಗರಗಳಲ್ಲಿ ನೀರು ಗುಲಾಬಿ ಬಣ್ಣಕ್ಕೆ ತಿರುಗಿರುತ್ತದೆ. ಅತಿ ಉಪ್ಪಿನಲ್ಲಿ ಬದುಕುವ ಸೂಕ್ಷ್ಮಜೀವಿಗಳಿಂದ ಬರುವ ಬಣ್ಣ ಅದು. ಅಲ್ಲೇ ಇರುವ ಪೆಕೆಲ್‌ಮೇರ್ ಎಂಬ ರಕ್ಷಿತ ಜಾಗದಲ್ಲಿ ಫ್ಲೆಮಿಂಗೊಗಳು ಗೂಡು ಕಟ್ಟುತ್ತವೆ. ಒಳಗೆ ಪ್ರವೇಶವಿಲ್ಲ. ಕಾರಿನಿಂದ ಇಳಿಯದೆ ದೂರದರ್ಶಕದಲ್ಲಿ ನೋಡಿದರೆ ಅವು ಬೆದರದೆ ಹತ್ತಿರವೇ ಮೇಯುತ್ತವೆ. ಅದೇ ರಸ್ತೆಯಲ್ಲಿ ಸೊಂಟದೆತ್ತರದ ಬಾಗಿಲಿನ ಪುಟ್ಟ ಕಲ್ಲಿನ ಗುಡಿಸಲುಗಳ ಸಾಲಿದೆ. 1850ರಲ್ಲಿ ಉಪ್ಪು ತೆಗೆಯುವ ಗುಲಾಮರು ಮಲಗಲೆಂದು ಕಟ್ಟಿಸಿದವು. ಅವರ ಸಂಸಾರಗಳು ಇದ್ದದ್ದು ರಿಂಕಾನ್‌ನಲ್ಲಿ. ವಾರದ ಕೊನೆಗೆ ಹಲವು ಗಂಟೆ ನಡೆದು ಹೋಗಿ, ನಡೆದೇ ಮರಳುತ್ತಿದ್ದರು. ಕೆರಿಬಿಯನ್‌ನ ಡಚ್ ವಸಾಹತುಗಳಲ್ಲಿ ಗುಲಾಮಗಿರಿ ರದ್ದಾದದ್ದು 1863ರ ಜುಲೈ 1ರಂದು. ಅಲ್ಲಿ ಫೋಟೊಕ್ಕಾಗಿ ಮಾಡಿನ ಮೇಲೆ ಹತ್ತುವುದು, ಒಳಗೆ ಊಟದ ಬುತ್ತಿ ಬಿಚ್ಚುವುದು ಬೇಡ.

ರಿಂಕಾನ್ ಸಮೀಪದ ಬೋಕಾ ಓನಿಮಾದಲ್ಲಿ ಮೂಲನಿವಾಸಿ ಕಾಕೆಟಿಯೊ ಜನ ಬಂಡೆಯ ಮೇಲೆ ಬರೆದ ಕೆಂಗಂದು ಗುರುತುಗಳಿವೆ. ಊರೊಳಗಿನ ಅಂಗಡಿಗೆ ಹೋದಾಗ ಮೊದಲು ‘ಬೊನ್ ದಿಯಾ’, ಮಧ್ಯಾಹ್ನದ ನಂತರ ‘ಬೊನ್ ತಾರ್ದಿ’ ಎಂದು ನಮಸ್ಕರಿಸಿ. ಅಲ್ಲಿನ ಪಾಪಿಯಾಮೆಂಟು ನುಡಿಯಲ್ಲಿ ಅಷ್ಟು ಹೇಳದೆ ನೇರ ಬೆಲೆ ಕೇಳುವುದು ಒರಟುತನ.

ಪ್ರಶ್ನೆ: ವಾಷಿಂಗ್ಟನ್ ಸ್ಲಾಗ್‌ಬಾಯ್ ರಾಷ್ಟ್ರೀಯ ಉದ್ಯಾನಕ್ಕೆ ನಾವೇ ಗಾಡಿ ಓಡಿಸಿಕೊಂಡು ಹೋಗಬಹುದೆ?

ಹೋಗಬಹುದು. ಬಾಡಿಗೆ ಕರಾರು ಅದನ್ನು ಒಪ್ಪುತ್ತದೆಯೇ ಎಂದು ಮೊದಲು ನೋಡಿ. ದಾರಿಯೆಲ್ಲ ಮಣ್ಣು, ಕಲ್ಲು, ಒಮ್ಮುಖ. ಹಳದಿ ಗುರುತಿನ ಉದ್ದ ದಾರಿ 34 ಕಿ.ಮೀ., ಹಸಿರು ಗುರುತಿನದು 24 ಕಿ.ಮೀ. ಎಲ್ಲೂ ನಿಲ್ಲದಿದ್ದರೂ ಕೆಲವು ಗಂಟೆ ಬೇಕು. ಬೆಳಿಗ್ಗೆ ಎಂಟಕ್ಕೆ ಗೇಟು ತೆರೆಯುವಾಗಲೇ ಹೋಗಿ. ಮಧ್ಯಾಹ್ನ ನಿಗದಿತ ಸಮಯ ದಾಟಿದ ಮೇಲೆ ಒಳಬಿಡುವುದಿಲ್ಲ. ನಿಸರ್ಗ ಶುಲ್ಕದ ರಸೀದಿ ಮತ್ತು ಗುರುತಿನ ಚೀಟಿ ತೋರಿಸಿ. ಜೋರು ಮಳೆ ಬಂದ ಮರುದಿನ ಉದ್ಯಾನವನ್ನು ಮುಚ್ಚುವುದುಂಟು, ಹೊರಡುವ ಮುನ್ನ ಫೋನ್ ಮಾಡಿ.

ದ್ವೀಪದ ಅತಿ ಎತ್ತರದ ಬ್ರಾಂಡಾರಿಸ್ ಗುಡ್ಡ 241 ಮೀಟರ್. ತುದಿಗೆ ಸುಮಾರು ಒಂದು ಗಂಟೆ. ಕೊನೆಯ ಭಾಗದಲ್ಲಿ ಕೈಯೂರಿ ಹತ್ತಬೇಕು, ಮರಗಳ ನೆರಳಿಲ್ಲ. ಒಬ್ಬೊಬ್ಬರಿಗೆ ಎರಡು ಲೀಟರ್ ನೀರಿರಲಿ. ಗುಡ್ಡ ಮತ್ತು ಉದ್ದ ದಾರಿಯನ್ನು ಒಂದೇ ದಿನ ಮುಗಿಸಲು ಹೋಗಬೇಡಿ. ಶುಲ್ಕ ವರ್ಷಪೂರ್ತಿ ನಡೆಯುವಾಗ ಎರಡು ದಿನ ಹೋಗುವುದೇ ಜಾಣತನ. ಪೂರ್ವದ ಪ್ಲಾಯಾ ಚಿಕಿಟು ಮರಳು ನೋಡಲು ಸುಂದರ, ನೀರಿನ ಸೆಳೆತ ಮಾತ್ರ ಅಪಾಯದ್ದು. ಅಲ್ಲಿ ಇಳಿಯಬಾರದು. ಈಜಬೇಕಿದ್ದರೆ ಪಶ್ಚಿಮದ ವಯಾಕಾ ಅಥವಾ ಸ್ಲಾಗ್‌ಬಾಯ್‌ವರೆಗೆ ತಾಳಿ. ಹಳದಿ ಭುಜದ ಲೋರಾ ಗಿಳಿಗಳ ಕೂಗು ಬೆಳಗಿನ ಹೊತ್ತಿನಲ್ಲೇ ಹೆಚ್ಚು.

ಪ್ರಶ್ನೆ: ನಾವು ಶುದ್ಧ ಸಸ್ಯಾಹಾರಿಗಳು. ಊಟಕ್ಕೇನು?

ಮನೆಯಡುಗೆಯೇ ಆಧಾರ. ಅಲ್ಲಿನವರ ಊಟದಲ್ಲಿ ಮೀನು, ಆಡಿನ ಮಾಂಸದ ಸ್ಟೋಬಾ, ಇಗ್ವಾನಾ ಸಾರು ಮುಖ್ಯ. ಫುಂಚಿ ಎಂಬ ಮೆಕ್ಕೆಜೋಳದ ಹಿಟ್ಟಿನ ಮುದ್ದೆ, ಅಲಸಂದೆ ಕಾಳು ಬೆರೆಸಿದ ಟುಟು ಸಿಗುತ್ತವೆ. ಟುಟುಗೆ ಕೆಲವರು ಉಪ್ಪು ಮಾಂಸ ಹಾಕುತ್ತಾರೆ, ಕೇಳಿ ತಿನ್ನಿ. ಕಡುಶಿ ಎಂಬ ಕಳ್ಳಿಯ ಸಾರಿಗೂ ಸಾಮಾನ್ಯವಾಗಿ ಮಾಂಸವೋ ಮೀನೋ ಬಿದ್ದಿರುತ್ತದೆ.

ದೊಡ್ಡ ಅಂಗಡಿಗಳಲ್ಲಿ ಡಚ್ ಸಾಮಾನುಗಳ ಜೊತೆ ಸುರಿನಾಮ್ ಕಡೆಯ ಮಸಾಲೆ, ಬಟಾಣಿ ಬೇಳೆ, ಅಲಸಂದೆ ಕಾಯಿಯೂ ಸಿಗುತ್ತವೆ. ಡಚ್ ಚೀಸ್ ಕೊಳ್ಳುವಾಗ ಚೀಟಿ ಓದಿ. ‘ಸ್ಟ್ರೆಮ್ಸೆಲ್’ ಎಂದಷ್ಟೇ ಇದ್ದರೆ ಕರುವಿನ ಹೊಟ್ಟೆಯಿಂದ ತೆಗೆದ ಹೆಪ್ಪು ಇರಬಹುದು. ‘ವೆಹೆಟಾರಿಸ್’ ಅಥವಾ ‘ಮಿಕ್ರೋಬಿಯೇಲ್’ ಎಂದು ಸ್ಪಷ್ಟವಾಗಿದ್ದರೆ ಕೊಳ್ಳಿ. ತರಕಾರಿ ಹಡಗಿನಲ್ಲಿ ಬರುತ್ತದೆ. ಹಿಂದೆ ವೆನೆಜುವೆಲಾದ ದೋಣಿಗಳು ಹಣ್ಣು ತರುತ್ತಿದ್ದವು, 2019ರಲ್ಲಿ ಗಡಿ ಮುಚ್ಚಿದ ಮೇಲೆ ಆ ಪೂರೈಕೆ ಕುಸಿಯಿತು. ಹಡಗು ಬರುವ ದಿನ ಯಾವುದೆಂದು ಅಂಗಡಿಯಲ್ಲಿ ಕೇಳಿಟ್ಟುಕೊಂಡು ಮರುದಿನ ಬೆಳಿಗ್ಗೆ ಹೋಗಿ. ಎಲೆ ತರಕಾರಿ, ಟೊಮೆಟೊ ತಾಜಾ ಸಿಗುವುದು ಆಗಲೇ. ಎಲೆಕೋಸು, ಕುಂಬಳ, ಈರುಳ್ಳಿ, ಆಲೂಗಡ್ಡೆಯನ್ನು ವಾರದ ಕೊನೆಗೆ ಉಳಿಸಿಕೊಳ್ಳಿ.

ಪ್ರಶ್ನೆ: ಅಲ್ಲಿ ಕಾಯಿಲೆಯಾದರೆ?

ಕ್ರಾಲೆಂಡೈಕ್‌ನಲ್ಲಿ ಫುಂಡಶೊನ್ ಮಾರಿಯಾಡಾಲ್ ಎಂಬ ಸಂಸ್ಥೆ ನಡೆಸುವ ಆಸ್ಪತ್ರೆಯಿದೆ, ಡೈವಿಂಗ್ ಅವಘಡಗಳಿಗೆ ಬೇಕಾದ ಒತ್ತಡ ಕೋಣೆಯೂ ಇದೆ. ಆದರೆ ತೀರ ಗಂಭೀರ ರೋಗಿಗಳನ್ನು ವಿಮಾನದಲ್ಲಿ ಬೇರೆಡೆಗೆ ಒಯ್ಯುತ್ತಾರೆ. ವಿಮೆಯಲ್ಲಿ ಈ ಸಾಗಣೆಯ ಖರ್ಚು ಸೇರಿರಬೇಕು. ಡೈವ್ ಮಾಡುವವರ ವಿಮೆ ಬೇರೆಯೇ ಬೇಕು. ದಿನವೂ ನುಂಗುವ ಮಾತ್ರೆಗಳನ್ನು ಇರುವ ದಿನಗಳಿಗಿಂತ ಎರಡು ವಾರ ಹೆಚ್ಚಿಗೆ, ವೈದ್ಯರ ಚೀಟಿಯೊಂದಿಗೆ ಒಯ್ಯಿರಿ. ಮಳೆ ಬಂದ ಮೇಲಿನ ವಾರಗಳಲ್ಲಿ ಡೆಂಗಿ ಸೊಳ್ಳೆ ಏಳುತ್ತದೆ. ಅದು ಕಚ್ಚುವುದು ಹಗಲಿನಲ್ಲಿ, ಮುಖ್ಯವಾಗಿ ಬೆಳಿಗ್ಗೆ ಮತ್ತು ಸಂಜೆ.

ಪ್ರಶ್ನೆ: ಎದುರಿಗಿರುವ ಕ್ಲೈನ್ ಬೊನೇರ್‌ಗೆ ಹೋಗುವುದು ಹೇಗೆ? ಅಲ್ಲಿಂದ ಚಿಪ್ಪು, ಹವಳದ ಚೂರು ತರಬಹುದೆ?

ಕ್ರಾಲೆಂಡೈಕ್‌ನಿಂದ ದೋಣಿಗಳಿವೆ. ಅದು ಜನವಸತಿಯಿಲ್ಲದ ಚಪ್ಪಟೆ ದ್ವೀಪ. 1999ರಲ್ಲಿ ಖಾಸಗಿಯವರಿಂದ ಕೊಂಡು ಕಾಪಾಡಿದ್ದಾರೆ. ಅಂಗಡಿಯಿಲ್ಲ, ಶೌಚಾಲಯವಿಲ್ಲ, ನೆರಳು ಅತಿ ಕಡಿಮೆ. ನೀರು, ಟೋಪಿ ಮರೆಯಬೇಡಿ. ನೋ ನೇಮ್ ಬೀಚ್‌ನಲ್ಲಿ ಕಡಲಾಮೆಗಳು ಮೊಟ್ಟೆಯಿಡುತ್ತವೆ, ಗುರುತು ಹಾಕಿದ ಗೂಡುಗಳಿಂದ ದೂರವಿರಿ, ಮರಳಿನಲ್ಲಿ ಛತ್ರಿಯ ಕಂಬ ಊರಬೇಡಿ. ಆ ದಿನದ ಪ್ರವಾಹ ಯಾವ ಕಡೆಗೆಂದು ದೋಣಿಯವರನ್ನೇ ಕೇಳಿ. ಅವರು ತೋರಿಸಿದಲ್ಲಿ ಇಳಿದರೆ ಕೈಕಾಲು ಆಡಿಸದೆಯೇ ದಿಬ್ಬದುದ್ದಕ್ಕೂ ತೇಲಿಕೊಂಡು ಬರಬಹುದು. ಮರಳುವ ಕೊನೆಯ ದೋಣಿಯ ಸಮಯವನ್ನು ಹೋಗುವಾಗಲೇ ಖಚಿತಪಡಿಸಿಕೊಳ್ಳಿ.

ಚಿಪ್ಪು, ಹವಳ ಯಾವುದನ್ನೂ ತರಬೇಡಿ. ದಡಕ್ಕೆ ಬಿದ್ದ ಸತ್ತ ಚೂರನ್ನು ಎತ್ತುವುದಕ್ಕೂ ಅಲ್ಲಿ ನಿಷೇಧವಿದೆ, ವಿಮಾನ ನಿಲ್ದಾಣದ ತಪಾಸಣೆಯಲ್ಲಿ ಸಿಕ್ಕರೆ ದಂಡ. ಗಟ್ಟಿ ಹವಳ ಮತ್ತು ಕ್ವೀನ್ ಕಾಂಕ್ ಶಂಖಗಳ ಮೇಲೆ ವನ್ಯಜೀವಿ ವ್ಯಾಪಾರದ ಅಂತರರಾಷ್ಟ್ರೀಯ ಒಪ್ಪಂದವಾದ ಸೈಟಿಸ್‌ನ ಕಟ್ಟುಪಾಡೂ ಇರುವುದರಿಂದ ಬಂದಿಳಿಯುವ ದೇಶದಲ್ಲಿ ಮತ್ತೊಮ್ಮೆ ಸಿಕ್ಕಿಬೀಳಬಹುದು. ನೆನಪಿಗೆ ಏನಾದರೂ ಬೇಕೇ ಬೇಕೆಂದರೆ ಅಂಗಡಿಯಲ್ಲಿ ಮಾರುವ ಬೊನೇರ್‌ನ ಉಪ್ಪಿನ ಪೊಟ್ಟಣ ಕೊಳ್ಳಿ. ಅದನ್ನು ಕೈಚೀಲದಲ್ಲಲ್ಲ, ದೊಡ್ಡ ಪೆಟ್ಟಿಗೆಯಲ್ಲಿಟ್ಟರೆ ತಪಾಸಣೆಯವರು ಬಿಚ್ಚಿಸಿ ನೋಡುವ ರಗಳೆ ಕಡಿಮೆ.